ಸೋತ ಪಕ್ಷವನ್ನು ಮತಗಟ್ಟೆಯಿಂದ ಮೇಲಕ್ಕೆ ಕಟ್ಟುವ ಕೆಲಸ

ಲೋಕಸಭೆ ಚುನಾವಣೆ ಸೋತ ಮರುದಿನ ಯಾವುದೇ ಪಕ್ಷದ ಜಿಲ್ಲಾ ಕಚೇರಿಗೆ ಹೋದರೂ ಎರಡು ಮಾತು ಕಿವಿಗೆ ಬೀಳುತ್ತವೆ. ‘ಒಳಏಟು ಬಿತ್ತು’ ಅನ್ನುವುದು ಒಂದು, ‘ಅಧ್ಯಕ್ಷರನ್ನು ಬದಲಾಯಿಸಲಿ’ ಅನ್ನುವುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸತ್ಯ ಇರಬಹುದು. ಆದರೆ ಯಾವ ಮತಗಟ್ಟೆಯಲ್ಲಿ ಎಷ್ಟು ಮತ ಕೈತಪ್ಪಿತು, ಕೈತಪ್ಪಿದವರು ಎದುರಾಳಿಗೆ ಹಾಕಿದರೋ ಮನೆಯಲ್ಲೇ ಉಳಿದರೋ ಎಂದು ಕೇಳಿ ನೋಡಿ, ಲೆಕ್ಕ ಇಟ್ಟು ಹೇಳುವವರು ಒಬ್ಬರೂ ಸಿಗುವುದಿಲ್ಲ. ಸೋಲಿನ ಕಾರಣ ಗೊತ್ತಾಗುವ ಮೊದಲೇ ಪರಿಹಾರ ಹುಡುಕಲು ಹೊರಡುವುದರಿಂದಲೇ ಎಷ್ಟೋ ಪಕ್ಷಗಳು ಎರಡನೇ ಸಲವೂ ಸೋಲುತ್ತವೆ. ಕ್ಷೇತ್ರ ಮಟ್ಟದಲ್ಲಿ ಈ ಕೆಲಸಕ್ಕೆ ಕೈಹಾಕಿದ ನಮಗೆ ಮನದಟ್ಟಾದದ್ದು ಇಷ್ಟು: ಪಕ್ಷ ಕಟ್ಟುವುದು ಶುರುವಾಗಬೇಕಾದ್ದು ಮತಗಟ್ಟೆವಾರು ಫಲಿತಾಂಶ ಇರುವ ಫಾರಂ 20ರಿಂದ ಮತ್ತು ಮತದಾರರ ಪಟ್ಟಿಯಿಂದ. ನಾಯಕ, ಘೋಷಣೆ, ಯಾತ್ರೆ ಎಲ್ಲ ಆಮೇಲೆ. ನಮ್ಮದು ಯಾವ ಪಕ್ಷ ಎನ್ನುವುದು ಇಲ್ಲಿ ಬೇಡ. ಕೆಲಸದ ಕ್ರಮ ಎಲ್ಲ ಪಕ್ಷಕ್ಕೂ ಒಂದೇ.

ಲೆಕ್ಕ ನೋಡುವ ಮುಂಚೆ ಕಾನೂನಿನ ಗಡುವುಗಳಿವೆ. ಸೋಲಿನ ಬೇಸರದಲ್ಲಿ ಇವು ತಪ್ಪಿಹೋಗುತ್ತವೆ. ಅಭ್ಯರ್ಥಿ ತನ್ನ ಖರ್ಚಿನ ಲೆಕ್ಕವನ್ನು ಫಲಿತಾಂಶ ಬಂದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಕೊಡಬೇಕು. ಕೊಡದೇ ಹೋದರೆ ಆಯೋಗ ಆತನನ್ನು 3 ವರ್ಷ ಅನರ್ಹಗೊಳಿಸಬಹುದು. ಸೋತವರಿಗೂ ಇದು ಅನ್ವಯಿಸುತ್ತದೆ. ಚುನಾವಣಾ ತಕರಾರು ಅರ್ಜಿ ಹಾಕುವುದಿದ್ದರೆ 45 ದಿನದೊಳಗೆ ಹೈಕೋರ್ಟಿಗೆ ಹೋಗಬೇಕು. ಲೋಕಸಭೆ ಚುನಾವಣೆಗೆ ಪಕ್ಷ ಮಾಡಿದ ಖರ್ಚಿನ ವಿವರ 90 ದಿನದೊಳಗೆ ಆಯೋಗಕ್ಕೆ ತಲುಪಬೇಕು. ಕರ್ನಾಟಕದಂಥ ದೊಡ್ಡ ರಾಜ್ಯದಲ್ಲಿ ಲೋಕಸಭಾ ಅಭ್ಯರ್ಥಿಯ ಖರ್ಚಿನ ಮಿತಿ 2022ರಿಂದ 95 ಲಕ್ಷ ರೂಪಾಯಿ. ಈ ಲೆಕ್ಕ ಬರೆಯಲು ಕೂತಾಗಲೇ ಬಾಕಿ ಬಿಲ್ಲುಗಳು ಹೊರಗೆ ಬರುತ್ತವೆ: ಶಾಮಿಯಾನದವರದ್ದು, ಧ್ವನಿವರ್ಧಕದವರದ್ದು, ಮುದ್ರಣಾಲಯದ್ದು, ಬಾಡಿಗೆ ವಾಹನಗಳದ್ದು, ಊಟ ಕೊಟ್ಟ ಹೋಟೆಲಿನದ್ದು. ಗೆದ್ದವರ ಬಾಕಿಯನ್ನು ಜನ ಕಾಯುತ್ತಾರೆ, ಸೋತವರ ಬಾಕಿಯನ್ನು ಊರಿಗೆಲ್ಲ ಹೇಳುತ್ತಾರೆ. ಹೋಬಳಿಯ ಶಾಮಿಯಾನದವನಿಗೆ 18 ಸಾವಿರ ಉಳಿಸಿಕೊಂಡ ಪಕ್ಷಕ್ಕೆ ಆ ಹೋಬಳಿಯಲ್ಲಿ ಮುಂದಿನ ಸಭೆಗೆ ಕುರ್ಚಿ ಸಿಗುವುದಿಲ್ಲ. ಮೊದಲ ತಿಂಗಳೊಳಗೆ, ಬ್ಯಾಂಕ್ ಮೂಲಕ, ರಶೀದಿ ಪಡೆದು ತೀರಿಸಿಬಿಡುವುದು ಒಳ್ಳೆಯದು. ಪಕ್ಷದ ಮರ್ಯಾದೆ ಉಳಿಯುವುದು ಇಂಥಲ್ಲಿ.

ಫಾರಂ 20 ಓದುವುದು

ಫಾರಂ 20 ಅಂದರೆ ಅಂತಿಮ ಫಲಿತಾಂಶ ಪತ್ರ. ಯಾವ ಮತಗಟ್ಟೆಯಲ್ಲಿ ಯಾವ ಅಭ್ಯರ್ಥಿಗೆ ಎಷ್ಟು, ನೋಟಾ ಎಷ್ಟು, ಒಟ್ಟು ಎಷ್ಟು ಎನ್ನುವುದು ಅದರಲ್ಲಿ ವಿಧಾನಸಭಾ ಕ್ಷೇತ್ರವಾರು ಇರುತ್ತದೆ. ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಸಿಗುತ್ತದೆ. ಕರ್ನಾಟಕದಲ್ಲಿ 58 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳಿವೆ, ಒಂದು ಲೋಕಸಭಾ ಕ್ಷೇತ್ರಕ್ಕೆ 8 ವಿಧಾನಸಭಾ ಕ್ಷೇತ್ರ. ಅಂದರೆ ಒಂದು ಲೋಕಸಭಾ ಕ್ಷೇತ್ರಕ್ಕೆ ಸರಾಸರಿ 2,000ದ ಆಸುಪಾಸು ಮತಗಟ್ಟೆ, ಒಂದು ವಿಧಾನಸಭಾ ಕ್ಷೇತ್ರಕ್ಕೆ 260ರ ಹತ್ತಿರ. ಈ ಹಾಳೆಗಳು ಬಹಳ ಸಲ ಸ್ಕ್ಯಾನ್ ಮಾಡಿದ ಚಿತ್ರಗಳಾಗಿರುತ್ತವೆ, ನೇರವಾಗಿ ಎಕ್ಸೆಲ್‌ಗೆ ಬರುವುದಿಲ್ಲ. ಒಬ್ಬರು ಓದಬೇಕು, ಒಬ್ಬರು ಟೈಪ್ ಮಾಡಬೇಕು. ಪುಟದ ಕೊನೆಯ ಮೊತ್ತಕ್ಕೂ ನಿಮ್ಮ ಶೀಟಿನ ಮೊತ್ತಕ್ಕೂ ತಾಳೆಯಾಗದೆ ಮುಂದಿನ ಪುಟಕ್ಕೆ ಹೋಗಬಾರದು. ಒಂದು ವಿಧಾನಸಭಾ ಕ್ಷೇತ್ರಕ್ಕೆ ಇಬ್ಬರು ಕೂತರೆ ಎರಡು ದಿನದ ಕೆಲಸ. ಅಂಚೆ ಮತ ಬೇರೆಯಾಗಿ ಬರುತ್ತದೆ, ಅದನ್ನು ಮತಗಟ್ಟೆಗಳಿಗೆ ಹಂಚಲು ಹೋಗಬೇಡಿ.

ಮುಂದಿನ ಹಂತದಲ್ಲೇ ಎಲ್ಲರೂ ಎಡವುವುದು. ಹಿಂದಿನ ಚುನಾವಣೆಯ 112ನೇ ಮತಗಟ್ಟೆ ಈ ಸಲದ 112ನೇ ಮತಗಟ್ಟೆಯೇ ಆಗಿರಬೇಕಿಲ್ಲ. ಮತದಾರರ ಸಂಖ್ಯೆ ಮಿತಿ ಮೀರಿದಾಗ ಮತಗಟ್ಟೆ ಒಡೆಯುತ್ತದೆ, ಅಲ್ಲಿಂದ ಮುಂದಿನ ಎಲ್ಲ ಸಂಖ್ಯೆಗಳೂ ಜಾರುತ್ತವೆ. ಮತಗಟ್ಟೆಗೆ 1,500 ಇದ್ದ ಮಿತಿಯನ್ನು ಆಯೋಗ 2025ರಲ್ಲಿ 1,200ಕ್ಕೆ ಇಳಿಸಿದ ಮೇಲೆ ಈ ಜಾರುವಿಕೆ ಇನ್ನೂ ಹೆಚ್ಚು. ಹಾಗಾಗಿ ಸಂಖ್ಯೆಯಿಂದ ಜೋಡಿಸದೆ ಶಾಲೆಯ ಹೆಸರು, ಕೋಣೆ, ಮತ್ತು ಪಟ್ಟಿಯ ಮೊದಲ ಪುಟದಲ್ಲಿರುವ ಬೀದಿ, ಹಟ್ಟಿ, ಕಾಲೊನಿಗಳ ವಿವರ ನೋಡಿ ಜೋಡಿಸಬೇಕು. ಲೋಕಸಭೆಯನ್ನು ಲೋಕಸಭೆಯ ಜೊತೆಗೇ ಹೋಲಿಸಬೇಕು. ವಿಧಾನಸಭೆಯ ಅಂಕಿಯನ್ನು ಪಕ್ಕದ ಕಾಲಮ್ಮಿನಲ್ಲಿ ಇಡಿ, ಅದರಿಂದ ಕಳೆಯಬೇಡಿ. ಕನ್ನಡಿಗ ಮತದಾರ ದಿಲ್ಲಿಗೆ ಒಂದು, ಬೆಂಗಳೂರಿಗೆ ಒಂದು ಎಂದು ಬೇರೆ ಬೇರೆ ಅಳೆದು ಹಾಕುವವನು.

ಶೀಟು ಸಿದ್ಧವಾದ ಮೇಲೆ ಏನು ಕಾಣುತ್ತದೆ? ಒಂದು ಉದಾಹರಣೆ ಇಟ್ಟುಕೊಳ್ಳಿ. ಒಂದು ಮತಗಟ್ಟೆಯಲ್ಲಿ ಕಳೆದ ಸಲ 720 ಮತ ಚಲಾವಣೆಯಾಗಿ ನಿಮಗೆ 340 ಬಂದಿತ್ತು. ಈ ಸಲ 790 ಚಲಾವಣೆಯಾಗಿ ನಿಮಗೆ 338. ನಿಮ್ಮ ಮತ ಎಲ್ಲೂ ಹೋಗಿಲ್ಲ. ಹೊಸದಾಗಿ ಬಂದ 70 ಮತ ಪೂರ್ತಿ ಬೇರೆಯವರಿಗೆ ಬಿದ್ದಿದೆ. ಅಲ್ಲಿನ ಕೆಲಸ 18–22ರ ಹುಡುಗ ಹುಡುಗಿಯರಲ್ಲಿ, ಹೊಸದಾಗಿ ಬಂದು ನೆಲೆಸಿದವರಲ್ಲಿ. ಇನ್ನೊಂದು ಮತಗಟ್ಟೆಯಲ್ಲಿ ಚಲಾವಣೆ 720ರಿಂದ 640ಕ್ಕೆ ಇಳಿದಿದೆ, ನಿಮ್ಮದು 340ರಿಂದ 262ಕ್ಕೆ. ಇಲ್ಲಿ ಎದುರಾಳಿಗೆ ಏನೂ ಹೆಚ್ಚಿಲ್ಲ, ನಿಮ್ಮವರು ಮನೆಯಿಂದ ಹೊರಗೆ ಬಂದಿಲ್ಲ. ಬೇಸರವೋ, ಅಭ್ಯರ್ಥಿಯ ಮೇಲಿನ ಸಿಟ್ಟೋ, ಕರೆತರುವವರು ಇರಲಿಲ್ಲವೋ ಕೇಳಿ ತಿಳಿಯಬೇಕು. ಮೂರನೆಯದರಲ್ಲಿ ಚಲಾವಣೆ 725, ನಿಮಗೆ 270, ಎದುರಾಳಿಗೆ 75 ಹೆಚ್ಚು. ಇದು ನಿಜವಾಗಿಯೂ ಕೈಬಿಟ್ಟು ಹೋದ ಮತ. ಮೂರೂ ಕಡೆ ಸೋತಿದ್ದೇವೆ, ಕಾಯಿಲೆ ಮಾತ್ರ ಮೂರು ಬಗೆ. ಮೂರಕ್ಕೂ ಒಂದೇ ಔಷಧ ಕೊಡುವುದನ್ನೇ ರಾಜ್ಯ ಮಟ್ಟದ ‘ಆತ್ಮಾವಲೋಕನ’ ಮಾಡುತ್ತದೆ. (ಅಂಕಿಗಳು ಮಾತ್ರ ಎಲ್ಲವನ್ನೂ ಹೇಳುವುದಿಲ್ಲ ಎನ್ನುವುದೂ ಸರಿ. ಐದು ವರ್ಷದಲ್ಲಿ ಸತ್ತವರು, ಮದುವೆಯಾಗಿ ಹೋದವರು, ಬೆಂಗಳೂರಿಗೆ ಹೋದವರು ಇರುತ್ತಾರೆ. ಆದರೆ ಎಲ್ಲಿಗೆ ಹೋಗಿ ಕೇಳಬೇಕು ಎಂದು ಹೇಳುವಷ್ಟು ಅವು ಸಾಕು.)

2,000 ಮತಗಟ್ಟೆಗೂ ಒಂದೇ ಸಲ ಹೋಗಲು ಯಾವ ಪಕ್ಷಕ್ಕೂ ಆಗದು. ಚಲಾವಣೆಯಾದ ಮತದ 10%ಗಿಂತ ಕಡಿಮೆ ಅಂತರದಲ್ಲಿ ಸೋತ ಮತಗಟ್ಟೆಗಳನ್ನು ಮೊದಲು ಆರಿಸಿ. ಸಾಮಾನ್ಯವಾಗಿ ಅವು ಒಟ್ಟಿನ ಮೂರನೇ ಒಂದರಷ್ಟಿರಬಹುದು; ಹೆಚ್ಚಿದ್ದರೆ ಅಂತರವನ್ನು ಇನ್ನೂ ಕಿರಿದು ಮಾಡಿ. ಒಂದು ಎಚ್ಚರಿಕೆ ಇದೆ, ಇದನ್ನು ನಾವು ತುಂಬ ಗಟ್ಟಿಯಾಗಿ ಹೇಳುತ್ತೇವೆ. ಈ ಹಾಳೆ ಹಿಡಿದು ‘ಆ ಊರಿನವರು ನಮಗೆ ಹಾಕಿಲ್ಲ’ ಎಂದು ಊರುಗಳಿಗೆ ಹಣೆಪಟ್ಟಿ ಹಚ್ಚುವವರು ಎಲ್ಲ ಪಕ್ಷದಲ್ಲೂ ಇದ್ದಾರೆ. 800ರಲ್ಲಿ 150 ಬಂದ ಊರಿನಲ್ಲೂ ನಿಮಗೆ ಹಾಕಿದ 150 ಜನ ಬದುಕುತ್ತಿದ್ದಾರೆ. ರಸ್ತೆ, ನೀರು, ಪಿಂಚಣಿ ಕೇಳಲು ಬಂದವರನ್ನು ಮತದ ಲೆಕ್ಕ ಹೇಳಿ ವಾಪಸು ಕಳಿಸಿದರೆ ಆ 150 ಕೂಡ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದು ತಪ್ಪು. ಮತ ಗುಟ್ಟಾಗಿ ಹಾಕುವುದು ಜನರ ಹಕ್ಕು. ಜಾತಿವಾರು ಅಂದಾಜುಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ‘ಆ ಸಮುದಾಯ ಪೂರ್ತಿ ಕೈಕೊಟ್ಟಿತು’ ಎಂದು ಮುಖಂಡರು ಹೇಳಿದ್ದನ್ನು, ಆ ಸಮುದಾಯ ದಟ್ಟವಾಗಿರುವ ಬೇರೆ ಬೇರೆ ಹೋಬಳಿಯ ಎರಡು ಮೂರು ಮತಗಟ್ಟೆಯ ಅಂಕಿಯೊಂದಿಗೆ ತಾಳೆ ನೋಡದೆ ನಂಬಬಾರದು.

ಸಭೆ, ಆಮೇಲೆ ಮನೆಗಳು

ಆತ್ಮಾವಲೋಕನ ಸಭೆಯನ್ನು ಫಲಿತಾಂಶದ 15ನೇ ದಿನಕ್ಕಿಂತ ಮುಂಚೆ ಕರೆದರೆ ಸಿಟ್ಟು ಮಾತಾಡುತ್ತದೆ. 45 ದಿನ ದಾಟಿದರೆ ಎಲ್ಲರೂ ಒಂದೊಂದು ಕಥೆ ಕಟ್ಟಿಕೊಂಡು, ಅದನ್ನೇ ನಂಬಿಕೊಂಡು ಬಂದಿರುತ್ತಾರೆ. ಜಿಲ್ಲಾ ಕೇಂದ್ರದ ಕಲ್ಯಾಣ ಮಂಟಪದಲ್ಲಿ ವೇದಿಕೆ ಹಾಕಿ, ಸೋತ ಅಭ್ಯರ್ಥಿ, ಟಿಕೆಟ್ ಕೊಡಿಸಿದವರು, ಉಸ್ತುವಾರಿಗಳು ಎಲ್ಲರನ್ನೂ ಮೇಲೆ ಕೂರಿಸಿದರೆ ಕೆಳಗಿನವರು ಯಾರೂ ಬಾಯಿ ಬಿಡುವುದಿಲ್ಲ, ಬಿಟ್ಟವರು ಜಗಳಕ್ಕೇ ಬಿಡುತ್ತಾರೆ. ನಮಗೆ ಫಲ ಕೊಟ್ಟ ಕ್ರಮ ಬೇರೆ. ಸಭೆ ತಾಲ್ಲೂಕುವಾರು, ವೇದಿಕೆ ಇಲ್ಲ, ಸುತ್ತ ಕುರ್ಚಿ. ಬೇರೆ ಜಿಲ್ಲೆಯಿಂದ ಬಂದ ಇಬ್ಬರು ವೀಕ್ಷಕರು ನಡೆಸಬೇಕು. ಅಭ್ಯರ್ಥಿಗೆ ಮೊದಲ 15 ನಿಮಿಷ. ಹೇಳಬೇಕಾದ್ದು ಹೇಳಿ ಅವರು ಹೊರಗೆ ಹೋಗಬೇಕು. ಬೂತ್ ಅಧ್ಯಕ್ಷರು ಒಂದೊಂದು ಪುಟ ಬರೆದು ತಂದಿರಬೇಕು. ಮತದಾನದ ದಿನ ಏಜೆಂಟ್ ಯಾರು ಕೂತಿದ್ದರು, ಎಷ್ಟು ಹೊತ್ತಿನವರೆಗೆ, 17ಸಿ ಪ್ರತಿ ಪಡೆದರೇ, ಎಷ್ಟು ಮನೆಗೆ ಹೋಗಿದ್ದರು, ಚುನಾವಣೆಗೆಂದು ಬಂದ ಹಣ ಯಾರ ಕೈಗೆ ಬಂತು. ಕೊನೆಯ ಪ್ರಶ್ನೆಗೆ ಬರುವ ಉತ್ತರಗಳಿಂದಲೇ ಅರ್ಧ ವಿಷಯ ಗೊತ್ತಾಗುತ್ತದೆ. ಫಾರಂ 17ಸಿ ಎಂದರೆ ಮತದಾನ ಮುಗಿದಾಗ ಒಟ್ಟು ಎಷ್ಟು ಮತ ಬಿತ್ತು ಎಂದು ಮತಗಟ್ಟೆ ಅಧಿಕಾರಿ ಏಜೆಂಟರಿಗೆ ಕೊಡುವ ಪ್ರತಿ. ಅದು ನಿಮ್ಮ ಕೈಯಲ್ಲಿಲ್ಲದ ಮತಗಟ್ಟೆಯಲ್ಲಿ ಸಂಜೆಯವರೆಗೆ ನಿಮ್ಮ ಏಜೆಂಟ್ ಇರಲಿಲ್ಲ ಎಂದೇ ತಿಳಿಯಬೇಕು. ಇವಿಎಂ ಮೇಲೆ ಅನುಮಾನ ಇದ್ದವರೂ ಮೊದಲು 17ಸಿಯ ಅಂಕಿಯನ್ನು ಫಾರಂ 20ರ ಅಂಕಿಯ ಪಕ್ಕದಲ್ಲಿ ಇಟ್ಟು ನೋಡಬೇಕು. ಕೈಯಲ್ಲಿ ಒಂದೂ 17ಸಿ ಇಲ್ಲದೆ ಯಂತ್ರವನ್ನು ದೂರುವುದು ಕುಣಿಯಲಾರದವಳು ನೆಲ ಡೊಂಕು ಎಂದಂತೆ.

ಮನೆ ಭೇಟಿ ಇದಾದ ಮೇಲೆ. ಲೋಕಸಭೆ ಫಲಿತಾಂಶ ಈಚೆಗೆ ಬರುವುದು ಮೇ ತಿಂಗಳಲ್ಲಿ ಅಥವಾ ಜೂನ್ ಮೊದಲ ವಾರ (2024ರಲ್ಲಿ ಜೂನ್ 4). ಆಗ ಮುಂಗಾರು ಬಿತ್ತನೆ. ಹಗಲು ಹೋದರೆ ಮನೆಯಲ್ಲಿ ಯಾರೂ ಇರುವುದಿಲ್ಲ. ಸಂಜೆ 7ರ ಮೇಲೆ ಹೋಗಬೇಕು, ಇಲ್ಲವೇ ಗೌರಿ ಗಣೇಶದ ಹೊತ್ತಿಗೆ ಇಟ್ಟುಕೊಳ್ಳಬೇಕು. ಆರಿಸಿದ ಮತಗಟ್ಟೆಗೆ 10 ಮನೆ ಸಾಕು, ಆದರೆ ಆ 10 ಮನೆಯನ್ನು ಪಟ್ಟಿಯಿಂದ ನಿಗದಿತ ಅಂತರದಲ್ಲಿ ಆರಿಸಿ. ಸ್ಥಳೀಯ ಮುಖಂಡನ ಕೈಗೆ ಆಯ್ಕೆ ಬಿಟ್ಟರೆ ತನ್ನ ಬೀಗರ ಮನೆಗೇ ಕರೆದೊಯ್ಯುತ್ತಾನೆ. ಕೇಳುವವರು ಪಕ್ಕದ ಹೋಬಳಿಯವರಾಗಿರಲಿ, ಊರಿನವರ ಎದುರು ಊರಿನ ದೂರು ಹೇಳಲು ಜನ ಹಿಂಜರಿಯುತ್ತಾರೆ. ಹೆಂಗಸರ ಜೊತೆ ಮಾತಾಡಲು ಹೆಂಗಸರೇ, ಬೇರೆಯಾಗಿ. ಜಗಲಿಯ ಮೇಲೆ ಯಜಮಾನ ಕೂತಿದ್ದರೆ ಆತನ ಅಭಿಪ್ರಾಯವೇ ಮನೆಯ ಅಭಿಪ್ರಾಯವಾಗಿ ಬರುತ್ತದೆ. ‘ನಮಗೆ ಯಾಕೆ ಹಾಕಲಿಲ್ಲ’ ಎಂದು ಕೇಳಿದರೆ ‘ನಿಮಗೇ ಹಾಕಿದ್ದೇವಲ್ಲ’ ಎನ್ನುತ್ತಾರೆ. ಕೇಳಬೇಕಾದ್ದು ‘ಈ ಐದು ವರ್ಷದಲ್ಲಿ ನಮ್ಮವರು ಯಾರಾದರೂ ನಿಮ್ಮ ಮನೆಗೆ ಬಂದಿದ್ದರಾ? ಯಾವಾಗ? ಯಾಕೆ?’ ಎಂದು. ಬಂದದ್ದು ಮತ ಕೇಳಲು ಮಾತ್ರ ಎನ್ನುವ ಉತ್ತರವನ್ನು ಮನೆಯಿಂದ ಮನೆಗೆ ಕೇಳಿಸಿಕೊಳ್ಳುವುದು ಸುಲಭವಲ್ಲ. ಆದರೂ ಕೇಳಿಸಿಕೊಳ್ಳಬೇಕು, ವಾದ ಮಾಡಬಾರದು, ಬರೆದುಕೊಂಡು ಬರಬೇಕು.

ಪಟ್ಟಿ ಮತ್ತು ಬೂತ್ ಕಮಿಟಿ

ಮತದಾರರ ಪಟ್ಟಿಯ ಕೆಲಸವನ್ನು ಪಕ್ಷಗಳು ಚುನಾವಣೆ ಹತ್ತಿರ ಬಂದಾಗ ನೆನಪಿಸಿಕೊಳ್ಳುತ್ತವೆ. ಆ ಹೊತ್ತಿಗೆ ತಡವಾಗಿರುತ್ತದೆ. ಈಗ 18 ತುಂಬಿದವರ ಲೆಕ್ಕಕ್ಕೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಹೊಸ ಹೆಸರಿಗೆ ಫಾರಂ 6, ತೆಗೆಸಲು ಅಥವಾ ಆಕ್ಷೇಪಣೆಗೆ ಫಾರಂ 7, ವಿಳಾಸ ಬದಲಾವಣೆ ಮತ್ತು ತಿದ್ದುಪಡಿಗೆ ಫಾರಂ 8. ಸರ್ಕಾರದ ಕಡೆಯಿಂದ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಇರುವಂತೆ, ಮಾನ್ಯತೆ ಪಡೆದ ಪಕ್ಷ ತನ್ನ ಕಡೆಯಿಂದ ಪ್ರತಿ ಮತಗಟ್ಟೆಗೂ ಬಿಎಲ್‌ಎ (ಮತಗಟ್ಟೆ ಮಟ್ಟದ ಏಜೆಂಟ್) ನೇಮಿಸಬಹುದು. ಆತ ಅದೇ ಭಾಗದ ಪಟ್ಟಿಯಲ್ಲಿರುವ ಮತದಾರನಾಗಿರಬೇಕು, ಅಲ್ಲಿ ಯಾರೂ ಸಿಗದಿದ್ದರೆ ಅದೇ ವಿಧಾನಸಭಾ ಕ್ಷೇತ್ರದ ಮತದಾರನಾದರೂ ಆಗುತ್ತದೆ. ಸಾಮಾನ್ಯ ಪರಿಷ್ಕರಣೆಯ ಕಾಲದಲ್ಲಿ ಬಿಎಲ್‌ಎ ದಿನಕ್ಕೆ 10 ಅರ್ಜಿಗಳವರೆಗೆ ಒಟ್ಟಾಗಿ ಕೊಡಬಹುದು, ತಾನೇ ಪರಿಶೀಲಿಸಿದ್ದೇನೆ ಎನ್ನುವ ಹೇಳಿಕೆಯೊಂದಿಗೆ. ನೋಂದಣಾಧಿಕಾರಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ, ಅಲ್ಲಿಂದ 30 ದಿನದೊಳಗೆ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ.

ಹಳ್ಳಿಯಲ್ಲಿ ಹೆಚ್ಚಾಗಿ ತಪ್ಪಿಹೋಗುವ ಹೆಸರು ಮದುವೆಯಾಗಿ ಬಂದ ಸೊಸೆಯದು. ತವರಿನ ಪಟ್ಟಿಯಲ್ಲಿ ಹೆಸರು ಹಾಗೇ ಇರುತ್ತದೆ, ಗಂಡನ ಊರಿನಲ್ಲಿ ಇರುವುದಿಲ್ಲ. ಫಾರಂ 8 ತುಂಬಿಸಿದರೆ ಮುಗಿಯಿತು, ಆದರೆ ತುಂಬಿಸುವವರು ಬೇಕು. ಬೆಂಗಳೂರಿನ ಬಾಡಿಗೆ ಮನೆಯವರದ್ದೂ ಇದೇ ಕತೆ. ಫಾರಂ 7ರ ಬಗ್ಗೆ ಒಂದು ಮಾತು: ಎದುರಾಳಿಯ ಮತದಾರ ಎಂದು ಊಹಿಸಿ ಹೆಸರು ತೆಗೆಸಲು ಅರ್ಜಿ ಹಾಕುವುದು ಅಪರಾಧವೂ ಹೌದು, ಊರಿನಲ್ಲಿ ಶಾಶ್ವತ ಹಗೆಯೂ ಹೌದು. ಸತ್ತವರ ಹೆಸರನ್ನು ಮಾತ್ರ, ಮನೆಯವರ ಒಪ್ಪಿಗೆ ಮತ್ತು ಮರಣ ಪ್ರಮಾಣಪತ್ರದ ಪ್ರತಿ ಇಟ್ಟುಕೊಂಡು ಮಾಡಿ.

ಪಟ್ಟಿಯ ಒಂದು ಪುಟದಲ್ಲಿ 30 ಹೆಸರು. 1,050 ಮತದಾರರ ಮತಗಟ್ಟೆಗೆ 35 ಪುಟ. ಒಂದು ಪುಟ ಎಂದರೆ ಸುಮಾರು 8ರಿಂದ 10 ಮನೆ. ಒಬ್ಬ ಮನುಷ್ಯ ಮುಖ ನೋಡಿ ಮಾತಾಡಿಸಿ ನೆನಪಿಟ್ಟುಕೊಳ್ಳಬಹುದಾದ ಗಾತ್ರ. ಪಟ್ಟಿಯ ಒಂದೊಂದು ಪುಟಕ್ಕೆ ಒಬ್ಬನನ್ನು ಹೊಣೆ ಮಾಡುವ ಬಿಜೆಪಿಯ ಪೇಜ್ ಪ್ರಮುಖ್ ವ್ಯವಸ್ಥೆಯ ಬಲ ಇರುವುದು ಈ ಸರಳ ಲೆಕ್ಕದಲ್ಲಿ. 35 ಜನ ಸಿಗದ ಕಡೆ 12 ಜನರ ಬೂತ್ ಕಮಿಟಿ ಮಾಡಿ ಒಬ್ಬೊಬ್ಬರಿಗೆ ಮೂರು ಪುಟ ಹಂಚಿದರೂ ಆಗುತ್ತದೆ. 12ರಲ್ಲಿ ಕನಿಷ್ಠ 4 ಹೆಂಗಸರು, 30 ದಾಟದ 3 ಜನ, ಮತ್ತು ಆ ಮತಗಟ್ಟೆಯ ಪ್ರತಿ ಕೇರಿಯಿಂದ ಒಬ್ಬರು ಇರಬೇಕು. ದಲಿತ ಕೇರಿಯ ಮನೆಗಳಿಗೆ ಮೇಲಿನ ಬೀದಿಯವನನ್ನು ಹಾಕಿದ ಕಮಿಟಿ ಕಾಗದದಲ್ಲಿ ಪೂರ್ಣ, ನೆಲದಲ್ಲಿ ಅರ್ಧ.

ಕಾಗದದ ಕಮಿಟಿಯೇ ಸೋತ ಪಕ್ಷದ ದೊಡ್ಡ ರೋಗ. ಬ್ಲಾಕ್ ಅಧ್ಯಕ್ಷರಿಗೆ ‘15 ದಿನದಲ್ಲಿ ಬೂತ್ ಕಮಿಟಿ ಪಟ್ಟಿ ಕಳಿಸಿ’ ಎಂದು ಮೇಲಿನಿಂದ ಸೂಚನೆ ಬಂದರೆ 15ನೇ ದಿನ ಪಟ್ಟಿ ಬರುತ್ತದೆ, ಹಳೆಯ ಪಟ್ಟಿಯ ನಕಲು. ಒಂದೇ ಮೊಬೈಲ್ ಸಂಖ್ಯೆ ಮೂರು ಹೆಸರಿನ ಎದುರು, ತೀರಿಹೋದವರ ಹೆಸರು, ಊರು ಬಿಟ್ಟು ಹೋದವರ ಹೆಸರು, ತಾನು ಕಮಿಟಿಯಲ್ಲಿದ್ದೇನೆ ಎಂದು ಗೊತ್ತೇ ಇಲ್ಲದವರ ಹೆಸರು. ಪರೀಕ್ಷೆ ಸುಲಭ. ಪಟ್ಟಿ ಮಾಡಿದವರಲ್ಲದೆ ಬೇರೊಬ್ಬರು ಪ್ರತಿಯೊಬ್ಬರಿಗೂ ಫೋನ್ ಮಾಡಿ ಮೂರು ಪ್ರಶ್ನೆ ಕೇಳಬೇಕು: ನಿಮ್ಮ ಮತಗಟ್ಟೆ ಸಂಖ್ಯೆ ಎಷ್ಟು, ನಿಮ್ಮ ಬಿಎಲ್‌ಒ ಯಾರು, ನಿಮ್ಮ ಪುಟಗಳು ಯಾವುವು. ಮೂರಕ್ಕೂ ಉತ್ತರ ಹೇಳಿದವರನ್ನು ಮಾತ್ರ ಎಣಿಸಿ. 12ರಲ್ಲಿ 4 ಉಳಿದರೂ ಬೇಸರ ಬೇಡ. ನಿಜವಾದ 4 ಜನರಿಂದ ಆರಂಭಿಸಬಹುದು, ಸುಳ್ಳು 12ರಿಂದ ಆಗದು. ಮಿಸ್ಡ್ ಕಾಲ್ ಸದಸ್ಯತ್ವಕ್ಕೂ ಇದೇ ಮಾತು. 2014–15ರಲ್ಲಿ ಬಿಜೆಪಿ ಮಿಸ್ಡ್ ಕಾಲ್ ಮೂಲಕ ಕೋಟಿಗಟ್ಟಲೆ ಸದಸ್ಯರನ್ನು ಸೇರಿಸಿತು; ಸೇರಿಸಿ ಸುಮ್ಮನಾಗದೆ 2015ರಲ್ಲಿ ಮಹಾಸಂಪರ್ಕ ಅಭಿಯಾನ ಮಾಡಿ ಆ ಸಂಖ್ಯೆಗಳ ಹಿಂದಿನ ಮನುಷ್ಯರನ್ನು ಹುಡುಕಲು ಹೊರಟಿತು. ಎರಡನೆಯ ಅರ್ಧ ಮಾಡದವರಿಗೆ ಸಿಗುವುದು ಫೋನ್ ನಂಬರುಗಳ ರಾಶಿ ಮಾತ್ರ.

ಕಮಿಟಿಗೆ ವರ್ಷಪೂರ್ತಿ ಕೆಲಸ ಇರಬೇಕು, ಇಲ್ಲದಿದ್ದರೆ ಅದು ಕರಗುತ್ತದೆ. ವೃದ್ಧಾಪ್ಯ ವೇತನ ನಿಂತುಹೋದ ಅಜ್ಜಿ, ಪಡಿತರ ಚೀಟಿಗೆ ಸೇರದ ಮಗು, ಪೌತಿ ಖಾತೆ ಆಗದೆ ಉಳಿದ ಜಮೀನು, ಬೆಳೆ ವಿಮೆಯ ಅರ್ಜಿ. ಇವನ್ನೆಲ್ಲ ನಾಡಕಚೇರಿಗೆ ಹೋಗಿ ಬೆನ್ನುಹತ್ತಿ ಮಾಡಿಸುವುದಕ್ಕೆ ಅಧಿಕಾರ ಬೇಕಿಲ್ಲ, ತಾಳ್ಮೆ ಬೇಕು. ಒಂದು ಕಮಿಟಿಗೆ ತಿಂಗಳಿಗೆ ಐದು ಅರ್ಜಿ ಸಾಕು. ಐದಕ್ಕಿಂತ ಹೆಚ್ಚು ಹಿಡಿದರೆ ಬೆನ್ನುಹತ್ತುವುದು ತಪ್ಪುತ್ತದೆ, ಮಾಡಿಕೊಡುತ್ತೇವೆ ಎಂದು ಮಾತು ಕೊಟ್ಟು ಮಾಡದಿದ್ದರೆ ಮೊದಲಿಗಿಂತ ಕೆಟ್ಟ ಹೆಸರು. ಅರ್ಜಿ ಸಂಖ್ಯೆ, ಕೊಟ್ಟ ದಿನ, ಈಗ ಎಲ್ಲಿದೆ ಎಂಬ ಮೂರು ಕಾಲಮ್ಮಿನ ಒಂದು ನೋಟ್‌ಬುಕ್ ಇಡಿ.

ಹಣ

ತಾಲ್ಲೂಕು ಕೇಂದ್ರದಲ್ಲಿ ಎರಡು ಕೋಣೆಯ ಕಚೇರಿ, ಒಬ್ಬ ಪೂರ್ಣಾವಧಿಯ ಹುಡುಗ ಅಥವಾ ಹುಡುಗಿ, ವಿದ್ಯುತ್, ಇಂಟರ್ನೆಟ್, ಚಹಾ ಎಲ್ಲ ಸೇರಿ ತಿಂಗಳಿಗೆ 30 ಸಾವಿರ ರೂಪಾಯಿ ಎಂದುಕೊಳ್ಳೋಣ. ಸೋತ ಅಭ್ಯರ್ಥಿಯ ಜೇಬಿನಿಂದ ಇದು ಮೂರು ತಿಂಗಳು ನಡೆಯುತ್ತದೆ, ಆಮೇಲೆ ಬಾಗಿಲು ಹಾಕುತ್ತದೆ. ತಿಂಗಳಿಗೆ 100 ರೂಪಾಯಿ ಕೊಡುವ 300 ಜನರಿದ್ದರೆ ಯಾರ ಹಂಗೂ ಇಲ್ಲ. 260 ಮತಗಟ್ಟೆಯ ತಾಲ್ಲೂಕಿನಲ್ಲಿ ಮತಗಟ್ಟೆಗೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. 2,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ, 20,000 ದಾಟಿದ ದೇಣಿಗೆಯ ವಿವರ ಆಯೋಗಕ್ಕೆ ಹೋಗಬೇಕು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ರದ್ದು ಮಾಡಿದ ಮೇಲಂತೂ ಸಣ್ಣ ದೇಣಿಗೆಯ ದಾರಿಯನ್ನು ಪಕ್ಷಗಳು ಕಲಿಯಲೇಬೇಕು. ಕೊಟ್ಟವರಿಗೆ ಆರು ತಿಂಗಳಿಗೊಮ್ಮೆ ಖರ್ಚಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ತೋರಿಸಿ. ಲೆಕ್ಕ ತೋರಿಸದ ಕಡೆ ಎರಡನೇ ವರ್ಷ ಯಾರೂ ಕೊಡುವುದಿಲ್ಲ. 100 ರೂಪಾಯಿ ಕೊಟ್ಟವನು ಪಕ್ಷದ ಬಗ್ಗೆ ಪ್ರಶ್ನೆ ಕೇಳಲು ಶುರುಮಾಡುತ್ತಾನೆ. ಮುಖಂಡರಿಗೆ ಅದು ಕಿರಿಕಿರಿ, ಪಕ್ಷಕ್ಕೆ ಆರೋಗ್ಯ.

ಮೇಲಿನ ಮಹಡಿ

ಇಷ್ಟು ಹೇಳಿದ ಮೇಲೆ ನಾಯಕತ್ವದ ಮಾತು. ಅದು ಮುಖ್ಯವಲ್ಲ ಎಂದಲ್ಲ. ಬೇಗ ತೀರ್ಮಾನವಾಗುವುದು ಮುಖ್ಯ. 2019ರಲ್ಲಿ 52 ಸ್ಥಾನಕ್ಕೆ ಇಳಿದ ಕಾಂಗ್ರೆಸ್‌ನಲ್ಲಿ ರಾಹುಲ್ ಗಾಂಧಿ ಅಧ್ಯಕ್ಷ ಸ್ಥಾನ ಬಿಟ್ಟರು, ಸೋನಿಯಾ ಗಾಂಧಿ ಮಧ್ಯಂತರ ಅಧ್ಯಕ್ಷರಾದರು, ಪೂರ್ಣಾವಧಿ ಅಧ್ಯಕ್ಷರ ಚುನಾವಣೆ ನಡೆದದ್ದು 2022ರ ಅಕ್ಟೋಬರ್‌ನಲ್ಲಿ. ಮಲ್ಲಿಕಾರ್ಜುನ ಖರ್ಗೆ 7,897 ಮತ, ಶಶಿ ತರೂರ್ 1,072. 2019ರಲ್ಲಿ ಕಲಬುರಗಿಯಲ್ಲಿ ಸೋತಿದ್ದ ಖರ್ಗೆಯವರು ಮೂರು ವರ್ಷದ ಮೇಲೆ ಪಕ್ಷದ ಚುಕ್ಕಾಣಿ ಹಿಡಿದರು. ಆ ಮೂರು ವರ್ಷ ‘ಮಧ್ಯಂತರ’ದಲ್ಲೇ ಕಳೆದದ್ದು ದುಬಾರಿಯಾಯಿತು ಎಂಬುದು ನಮ್ಮ ಅಭಿಪ್ರಾಯ, ಮೇಲೆ ಯಾರಿದ್ದಾರೆ ಎಂದು ಖಚಿತವಿಲ್ಲದಾಗ ಕೆಳಗಿನ ಯಾವ ನೇಮಕವೂ ನಿಲ್ಲುವುದಿಲ್ಲ. 2022ರ ಮೇ ತಿಂಗಳ ಉದಯಪುರ ಶಿಬಿರ ಒಬ್ಬರಿಗೆ ಒಂದೇ ಹುದ್ದೆ, ಐದು ವರ್ಷದ ಮೇಲೆ ಹುದ್ದೆ ಬಿಡುವುದು, 50 ದಾಟದವರಿಗೆ ಅರ್ಧ ಸ್ಥಾನ ಎಂದೆಲ್ಲ ಒಪ್ಪಿಕೊಂಡಿತು. ಇಂಥ ನಿರ್ಣಯಗಳ ಬೆಲೆ ತಾಲ್ಲೂಕಿನಲ್ಲಿ ತಿಳಿಯುತ್ತದೆ: ಹತ್ತು ವರ್ಷದಿಂದ ಅಲ್ಲೇ ಇರುವ ಬ್ಲಾಕ್ ಅಧ್ಯಕ್ಷ ಇನ್ನೂ ಅಲ್ಲೇ ಇದ್ದಾನೆಯೇ ಎಂದು ನೋಡಿ.

ದಿಲ್ಲಿಯಲ್ಲಿ ಸೋತ ಪಕ್ಷ ಉಸಿರಾಡುವುದು ರಾಜ್ಯಗಳಲ್ಲಿ. 1977ರಲ್ಲಿ ಕಾಂಗ್ರೆಸ್ ದೇಶದಲ್ಲಿ 154ಕ್ಕೆ ಕುಸಿದಾಗ ಕರ್ನಾಟಕ ಅದಕ್ಕೆ 28ರಲ್ಲಿ 26 ಕೊಟ್ಟಿತ್ತು. ಪಕ್ಷ ಒಡೆದು ಎರಡು ತಿಂಗಳಾಗುವ ಮೊದಲೇ, 1978ರ ಫೆಬ್ರವರಿಯಲ್ಲಿ, ದೇವರಾಜ ಅರಸು ನೇತೃತ್ವದಲ್ಲಿ ಇಂದಿರಾ ಕಾಂಗ್ರೆಸ್ ಇಲ್ಲಿ ಗೆದ್ದಿತು. ಅದೇ ನವೆಂಬರ್‌ನಲ್ಲಿ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರ ಎದುರು ಗೆದ್ದು ಇಂದಿರಾ ಲೋಕಸಭೆಗೆ ಮರಳಿದರು. 1980ರಲ್ಲಿ 353 ಸ್ಥಾನ. 2004ರಲ್ಲಿ 138ಕ್ಕೆ, 2009ರಲ್ಲಿ 116ಕ್ಕೆ ಇಳಿದ ಬಿಜೆಪಿ ಅದೇ ಅವಧಿಯಲ್ಲಿ ಗುಜರಾತ್, ಮಧ್ಯಪ್ರದೇಶ, ಛತ್ತೀಸಗಢಗಳನ್ನು ಬಿಡದೆ ಹಿಡಿದುಕೊಂಡಿತು, 2008ರಲ್ಲಿ ಕರ್ನಾಟಕದಲ್ಲಿ 110 ಸ್ಥಾನ ಗೆದ್ದು ದಕ್ಷಿಣದಲ್ಲಿ ಮೊದಲ ಬಾರಿ ತನ್ನದೇ ಸರ್ಕಾರ ಮಾಡಿತು. 2014ರ 282ರ ಹಿಂದೆ ಈ ಹತ್ತು ವರ್ಷಗಳಿವೆ.

ಎಲ್ಲಕ್ಕಿಂತ ಕಡಿಮೆ ಸಮಯದಲ್ಲಿ ಆದ ಚೇತರಿಕೆ ನಮ್ಮ ರಾಜ್ಯದ್ದೇ. 1984ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಇಲ್ಲಿ ಕಾಂಗ್ರೆಸ್ 24, ಜನತಾ ಪಕ್ಷ 4. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಸೋಲಿನ ಹೊಣೆ ಹೊತ್ತು ರಾಜೀನಾಮೆ ಕೊಟ್ಟು ವಿಧಾನಸಭೆ ವಿಸರ್ಜನೆಗೆ ಶಿಫಾರಸು ಮಾಡಿದರು. 1985ರ ಮಾರ್ಚ್‌ನಲ್ಲಿ ಅದೇ ಜನತಾ ಪಕ್ಷಕ್ಕೆ 139 ಸ್ಥಾನ. ಮೂರು ತಿಂಗಳಲ್ಲಿ ಸಂಘಟನೆ ಹೊಸದಾಗಿ ಹುಟ್ಟಲಿಲ್ಲ, ಇತ್ತು. ಸೋಲನ್ನು ಒಪ್ಪಿಕೊಂಡದ್ದೂ, ‘ದಿಲ್ಲಿಗೆ ಹಾಕಿದಿರಿ, ಸರಿ, ಈಗ ಬೆಂಗಳೂರಿನ ಸರ್ಕಾರ ಹೇಗಿದೆ ನೋಡಿ ಹಾಕಿ’ ಎಂಬಂತೆ ಪ್ರಶ್ನೆಯನ್ನು ಬೇರೆ ಮಾಡಿದ್ದೂ ಕೆಲಸಕ್ಕೆ ಬಂತು. ಇದರ ಇನ್ನೊಂದು ತುದಿಯಲ್ಲಿ ಬ್ರಿಟನ್ನಿನ ಲೇಬರ್ ಪಕ್ಷ ಇದೆ. 1983ರಲ್ಲಿ 27.6% ಮತ, 209 ಸ್ಥಾನ. ನೀತಿ ಪರಿಶೀಲನೆ, 1993ರಲ್ಲಿ ಅಭ್ಯರ್ಥಿ ಆಯ್ಕೆಗೆ ಒಬ್ಬ ಸದಸ್ಯನಿಗೆ ಒಂದು ಮತ, 1995ರಲ್ಲಿ ಪಕ್ಷದ ಸಂವಿಧಾನದ 4ನೇ ಕಲಮಿನ ತಿದ್ದುಪಡಿ, 1997ರಲ್ಲಿ 418 ಸ್ಥಾನ. ನಿಯಮಗಳನ್ನೇ ಬದಲಿಸಬೇಕಾದ ಪಕ್ಷಕ್ಕೆ 14 ವರ್ಷ ಹಿಡಿಯಿತು.

ಮೈತ್ರಿಯಿಂದ ಅಡ್ಡದಾರಿ ಸಿಗುತ್ತದೆ ಎಂದುಕೊಳ್ಳುವವರು 2018–19 ನೋಡಬೇಕು. 2018ರ ವಿಧಾನಸಭೆಯಲ್ಲಿ ಕಾಂಗ್ರೆಸ್ 38%, ಜೆಡಿಎಸ್ 18%, ಕೂಡಿಸಿದರೆ 56%. ಒಂದು ವರ್ಷದ ಮೇಲೆ ಇಬ್ಬರೂ ಸೇರಿ ಲೋಕಸಭೆಗೆ ನಿಂತಾಗ ಬಂದದ್ದು 42%ಗಿಂತ ಕಡಿಮೆ, ಸ್ಥಾನ ತಲಾ ಒಂದು. ದಿಲ್ಲಿಯ ಲೆಕ್ಕ ಬೇರೆ ಎನ್ನುವುದು ಇದಕ್ಕೆ ಒಂದು ಕಾರಣ. ಇನ್ನೊಂದು, ಹಳೇ ಮೈಸೂರಿನ ಹಳ್ಳಿಗಳಲ್ಲಿ ಮೂರು ದಶಕ ಎದುರುಬದುರು ನಿಂತವರು, ಮೇಲಿನವರು ಕೈಕುಲುಕಿದ ಮಾತ್ರಕ್ಕೆ ಒಂದೇ ಪೆಂಡಾಲಿನಲ್ಲಿ ಕೂರುವುದಿಲ್ಲ. ಮೈತ್ರಿ ಬೇಕಿದ್ದರೆ ಒಂದು ವರ್ಷ ಮೊದಲು ಮಾಡಿ, ಎರಡೂ ಪಕ್ಷದ ಬೂತ್‌ನವರನ್ನು ಒಟ್ಟಿಗೆ ಒಂದು ಪಂಚಾಯಿತಿ ಕೆಲಸಕ್ಕಾದರೂ ಹಚ್ಚಿ.

ಎರಡನೇ ಸಾಲಿನ ನಾಯಕರು ತಯಾರಾಗುತ್ತಿದ್ದದ್ದು ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಲ್ಲಿ. ಅವುಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಇದರ ನಷ್ಟ ಎಲ್ಲ ಪಕ್ಷಗಳದ್ದು. ಗೆಲ್ಲುವ, ಸೋಲುವ, ಜನರ ಬೈಗುಳ ಕೇಳುವ ಅಭ್ಯಾಸವೇ ಇಲ್ಲದವರು ನೇರ ವಿಧಾನಸಭೆ ಟಿಕೆಟ್ ಕೇಳುತ್ತಾರೆ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ, ಹಾಲಿನ ಡೇರಿಗೂ ಸೊಸೈಟಿಗೂ ಇಲ್ಲ. ಆದರೂ ಬೂತ್ ಕಮಿಟಿಯಿಂದ ಬಂದವರನ್ನು ಅಲ್ಲಿ ನಿಲ್ಲಲು ಬಿಡಿ. ಡೇರಿಯ ಲೆಕ್ಕಪತ್ರವನ್ನು ಸರಿಯಾಗಿ ಓದಬಲ್ಲವನು ಪಕ್ಷದ ಲೆಕ್ಕವನ್ನೂ ಓದಬಲ್ಲ.

ಅಭ್ಯರ್ಥಿಗಳನ್ನು ಬೇಗ ಹೆಸರಿಸುವುದು ಕೊನೆಯ ದೊಡ್ಡ ಕೆಲಸ. 2023ರಲ್ಲಿ ಕರ್ನಾಟಕ ಕಾಂಗ್ರೆಸ್ 124 ಹೆಸರುಗಳ ಮೊದಲ ಪಟ್ಟಿಯನ್ನು ಮಾರ್ಚ್ 25ರಂದು, ಆಯೋಗ ದಿನಾಂಕ ಘೋಷಿಸುವ ನಾಲ್ಕು ದಿನ ಮೊದಲೇ, ಪ್ರಕಟಿಸಿತು. ಗ್ಯಾರಂಟಿಗಳನ್ನೂ ಒಂದೇ ದಿನ ಸುರಿಯದೆ ಜನವರಿಯಿಂದ ಏಪ್ರಿಲ್‌ವರೆಗೆ ಒಂದೊಂದಾಗಿ ಬಿಟ್ಟಿತು, ಅವನ್ನು ಮನೆಗೆ ಮುಟ್ಟಿಸಲು ಕಾರ್ಯಕರ್ತರಿಗೆ ಸಮಯ ಸಿಕ್ಕಿತು. 2019ರ ಲೋಕಸಭೆಯಲ್ಲಿ ರಾಜ್ಯದಲ್ಲಿ ಒಂದೇ ಒಂದು ಸ್ಥಾನ ಪಡೆದ ಪಕ್ಷ 135 ಗೆದ್ದಿತು. ಮರುವರ್ಷ ಲೋಕಸಭೆಯಲ್ಲಿ ಅದೇ ಪಕ್ಷಕ್ಕೆ 28ರಲ್ಲಿ 9. ದಿಲ್ಲಿಯ ಕಾಲಮ್ ಬೇರೆ ಎಂದು ಮೊದಲೇ ಹೇಳಿದೆವಲ್ಲ. ಬೇಗ ಹೆಸರಿಸಿದರೆ ಬಂಡಾಯವೂ ಬೇಗ ಏಳುತ್ತದೆ, ನಾಮಪತ್ರಕ್ಕೆ ಮುಂಚೆ ಮನೆಗೆ ಹೋಗಿ ಕೂತು ಮಾತಾಡಲು ಸಮಯ ಸಿಗುತ್ತದೆ. ತಡವಾದರೆ ಆ ಮಾತುಕತೆ ಮಾಧ್ಯಮದ ಎದುರು ನಡೆಯುತ್ತದೆ.

ಇನ್ನು ಮತದಾನಕ್ಕೆ ಆರು ತಿಂಗಳು ಇರುವಾಗ ಹಳೆಯ ಶೀಟು ತೆಗೆದು ನಾಲ್ಕು ಕಾಲಮ್ ಸೇರಿಸಿ: ಫೋನ್ ಪರೀಕ್ಷೆಯಲ್ಲಿ ಉಳಿದ ಕಮಿಟಿ ಸದಸ್ಯರು ಎಷ್ಟು, ಈ ಐದು ವರ್ಷದಲ್ಲಿ ಸೇರಿಸಿದ ಹೊಸ ಹೆಸರು ಎಷ್ಟು, ಮುಗಿಸಿಕೊಟ್ಟ ಅರ್ಜಿ ಎಷ್ಟು, ಫಾರಂ 10ರಲ್ಲಿ ಏಜೆಂಟ್ ಆಗಿ ಕೂರಲು ಒಪ್ಪಿದ ಇಬ್ಬರ ಹೆಸರು. ಇಬ್ಬರು ಯಾಕೆಂದರೆ ಮಧ್ಯಾಹ್ನ ಊಟಕ್ಕೆ ಎದ್ದವನ ಜಾಗದಲ್ಲಿ ಇನ್ನೊಬ್ಬ ಕೂರಬೇಕು, ಸಂಜೆ 17ಸಿ ಪ್ರತಿಗೆ ಸಹಿ ಹಾಕಿ ಪಡೆದೇ ಹೊರಡಬೇಕು. ಖಾಲಿ ಇರುವ ಸಾಲುಗಳನ್ನು ಕೆಂಪು ಮಾಡಿ. ಮರುದಿನ ಬೆಳಿಗ್ಗೆ ಗಾಡಿ ಹೋಗಬೇಕಾದ್ದು ಆ ಊರುಗಳಿಗೆ.